ಬಿಡುಗಡೆಯ ಆ್ಯಪ್‌ನಲ್ಲಿ ಡೀಬಗ್ ಉಪಕರಣ ಬೇಡ: ಯಶಸ್ಸಿಗೆ 11 ಸೂತ್ರಗಳು

ಮೈಸೂರಿನ ಯಾದವಗಿರಿಯಲ್ಲಿ ಆಕಾಶವಾಣಿ ನಿಲಯವಿದೆ. 1935ರಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿ ಅವರು ತಮ್ಮ ಮನೆಯಲ್ಲೇ ಆರಂಭಿಸಿದ ಬಾನುಲಿಯ ಪರಂಪರೆ ಅದರದು. ಸ್ಟುಡಿಯೊ ಒಳಗೆ ಮೈಕ್ ಪರೀಕ್ಷೆ ನಡೆಯುತ್ತದೆ, ದನಿಯ ಮಟ್ಟ ನೋಡುತ್ತಾರೆ, ತಪ್ಪಿದ ಸಾಲನ್ನು ಮತ್ತೆ ಓದಿಸುತ್ತಾರೆ. ಕೆಂಪು ದೀಪ ಹೊತ್ತಿದ ಮೇಲೆ ಕೇಳುಗರಿಗೆ ತಲುಪುವುದು ಕಾರ್ಯಕ್ರಮ ಮಾತ್ರ. ಮೊಬೈಲ್ ಆ್ಯಪ್ ಕಟ್ಟುವವರಿಗೂ ಇದೇ ಶಿಸ್ತು ಬೇಕು. ಪರೀಕ್ಷೆಯ ಸಾಮಾನು ಪರೀಕ್ಷೆಯ ಕೋಣೆಯಲ್ಲೇ ಉಳಿಯಬೇಕು.

ಯಾದವಗಿರಿ, ಗೋಕುಲಂ, ಒಂಟಿಕೊಪ್ಪಲಿನಂಥ ಬಡಾವಣೆಗಳಲ್ಲಿ ಮನೆಯ ಮಹಡಿಯಲ್ಲೇ ಕೂತು ಮೂರು-ನಾಲ್ಕು ಜನ ಸೇರಿ ಆ್ಯಪ್ ಕಟ್ಟುವುದು ಈಗ ಕಷ್ಟವೇನಲ್ಲ. ಕ್ಲಿನಿಕ್‌ನ ಟೋಕನ್, ಟ್ಯೂಷನ್ ಶುಲ್ಕ, ಹಾಲಿನ ಲೆಕ್ಕ, ಹೋಂಸ್ಟೇ ಬುಕಿಂಗ್ ಹೀಗೆ ಕೆಲಸಕ್ಕೆ ಬರವಿಲ್ಲ. ಇಂಥ ಸಣ್ಣ ತಂಡಕ್ಕೆ ದೊಡ್ಡ ಕಂಪನಿಯ ಹೆಸರಿನ ಬಲವಿಲ್ಲ. ಗ್ರಾಹಕರ ನಂಬಿಕೆಯೇ ಅದರ ಬಂಡವಾಳ. ಆ ನಂಬಿಕೆಯನ್ನು ಒಂದೇ ದಿನದಲ್ಲಿ ಕಳೆದುಹಾಕಬಲ್ಲ ತಪ್ಪು ಎಂದರೆ ಡೀಬಗ್ ಉಪಕರಣಗಳು ರಿಲೀಸ್ ಬಿಲ್ಡ್ ಒಳಗೆ ಸೇರಿ ಹೊರಗೆ ಹೋಗುವುದು. ಮೊಬೈಲ್ ಸುರಕ್ಷತೆಯ ಬಗ್ಗೆ ಒವಾಸ್ಪ್ ಸಂಸ್ಥೆ 2016ರಲ್ಲಿ ಪ್ರಕಟಿಸಿದ ಹತ್ತು ಅಪಾಯಗಳ ಪಟ್ಟಿಯಲ್ಲಿ ‘ಬೇಡದ ಸೌಲಭ್ಯ ಒಳಗೆ ಉಳಿಯುವುದು’ ಎಂಬುದಕ್ಕೇ ಒಂದು ಸ್ಥಾನವಿತ್ತು. ಇದನ್ನು ತಪ್ಪಿಸಲು ಪ್ರತಿಭೆಗಿಂತ ಪದ್ಧತಿ ಮುಖ್ಯ. ಆ ಪದ್ಧತಿ ಹೀಗಿದೆ.

1. ಹೊರಗೆ ಹೋಗಬಾರದ್ದರ ಪಟ್ಟಿ ಮಾಡಿ

ಏನು ಹೋಗಬಾರದು ಎಂದು ಗೊತ್ತಿಲ್ಲದಿದ್ದರೆ ತಡೆಯುವುದು ಹೇಗೆ? ಮೊದಲು ಒಂದು ಹಾಳೆಯಲ್ಲಿ ಬರೆಯಿರಿ. ಸರ್ವರ್ ಜತೆಗಿನ ಮಾತುಕತೆಯನ್ನು ತೆರೆದು ತೋರಿಸುವ ಚಕ್ಕರ್, ಸ್ಟೆಥೊ, ಫ್ಲಿಪ್ಪರ್. ಮೆಮೊರಿ ಸೋರಿಕೆ ಹುಡುಕುವ ಲೀಕ್‌ಕ್ಯಾನರಿ. ಐಫೋನ್ ಕಡೆಯ ಫ್ಲೆಕ್ಸ್, ರಿವೀಲ್. ಇವು ಹೊರಗಿನಿಂದ ತಂದವು. ಇವಕ್ಕಿಂತ ಅಪಾಯಕಾರಿ ನಾವೇ ಬರೆದವು: ವರ್ಷನ್ ನಂಬರನ್ನು ಏಳು ಸಲ ಒತ್ತಿದರೆ ತೆರೆಯುವ ಡೆವಲಪರ್ ಪರದೆ, ಟೆಸ್ಟ್ ಸರ್ವರ್‌ಗೆ ಬದಲಾಯಿಸುವ ಬಟನ್, ಯಾವ ಒಟಿಪಿ ಹಾಕಿದರೂ ಒಳಗೆ ಬಿಡುವ ಒಂದು ಮೊಬೈಲ್ ನಂಬರ್.

ಹಳೆಯ ರಿಯಾಕ್ಟ್ ನೇಟಿವ್ ಪ್ರಾಜೆಕ್ಟ್ ಕೈಗೆ ಬಂದಿದ್ದರೆ ಇನ್ನಷ್ಟು ಎಚ್ಚರ ಬೇಕು. 2020ರಲ್ಲಿ ಬಂದ 0.62 ಆವೃತ್ತಿಯಿಂದ ಹೊಸ ಪ್ರಾಜೆಕ್ಟ್‌ಗಳಲ್ಲಿ ಫ್ಲಿಪ್ಪರ್ ತಾನಾಗಿಯೇ ಸೇರಿಕೊಂಡಿರುತ್ತಿತ್ತು. 0.74ರ ಹೊತ್ತಿಗೆ ಅದನ್ನು ತೆಗೆದರು. ನೀವು ಸೇರಿಸಿಲ್ಲ ಎಂದ ಮಾತ್ರಕ್ಕೆ ಅದು ಇಲ್ಲ ಎಂದುಕೊಳ್ಳಬೇಡಿ.

2. ಬೀಗ ಹಾಕುವುದು ಸಾಲದು, ಒಳಗೇ ಬಿಡಬೇಡಿ

ಇಡೀ ಬರಹದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ. ಡೀಬಗ್ ಉಪಕರಣವನ್ನು ಒಳಗಿಟ್ಟು ‘ಡೀಬಗ್ ಆಗಿದ್ದರೆ ಮಾತ್ರ ಓಡು’ ಎಂದು ಷರತ್ತು ಬರೆಯುವುದು ಅರ್ಧ ಕೆಲಸ. ಷರತ್ತನ್ನು ಯಾರಾದರೂ ತಿರುಗಿಸಬಹುದು, ಮುಂದೊಂದು ದಿನ ನಿಮ್ಮ ತಂಡದವರೇ ಗೊತ್ತಿಲ್ಲದೆ ಅಳಿಸಬಹುದು. ಇಲ್ಲದ ವಸ್ತುವನ್ನು ಮಾತ್ರ ಯಾರೂ ತೆರೆಯಲಾರರು.

2017ರ ನವೆಂಬರ್‌ನಲ್ಲಿ ಒನ್‌ಪ್ಲಸ್ ಫೋನ್‌ಗಳಲ್ಲಿ ಆದದ್ದು ಇದೇ. ಕಾರ್ಖಾನೆಯಲ್ಲಿ ಪರೀಕ್ಷೆಗೆ ಬಳಸುವ ‘ಎಂಜಿನಿಯರ್‌ಮೋಡ್’ ಎಂಬ ಆ್ಯಪ್ ಮಾರಾಟವಾದ ಫೋನ್‌ಗಳಲ್ಲೂ ಉಳಿದಿತ್ತು. ಫೋನ್‌ನ ಪೂರ್ಣ ಅಧಿಕಾರ ಕೊಡುವ ಭಾಗಕ್ಕೆ ಪಾಸ್‌ವರ್ಡ್ ಇತ್ತು. ಸಂಶೋಧಕರು ಅದನ್ನು ಬೇಗನೆ ಕಂಡುಹಿಡಿದರು. ‘ಏಂಜೆಲಾ’ ಎಂಬ ಒಂದು ಹೆಸರು ಅಷ್ಟೆ. ಬೀಗವಿತ್ತು, ಉಪಯೋಗಕ್ಕೆ ಬರಲಿಲ್ಲ.

ಆಂಡ್ರಾಯ್ಡ್‌ನಲ್ಲಿ ದಾರಿ ಸುಲಭ. ಗ್ರೇಡಲ್ ಫೈಲಿನಲ್ಲಿ ಲೈಬ್ರರಿಯನ್ನು ‘ಇಂಪ್ಲಿಮೆಂಟೇಶನ್’ ಎಂದು ಸೇರಿಸುವ ಬದಲು ‘ಡೀಬಗ್‌ಇಂಪ್ಲಿಮೆಂಟೇಶನ್’ ಎಂದು ಸೇರಿಸಿ. ಆಗ ಅದು ರಿಲೀಸ್ ಬಿಲ್ಡ್‌ನ ಹತ್ತಿರಕ್ಕೂ ಬರುವುದಿಲ್ಲ. ಕೋಡ್‌ನಲ್ಲಿ ಅದರ ಹೆಸರು ಬಳಸಿದ್ದರೆ ರಿಲೀಸ್ ಕಂಪೈಲ್ ಆಗುವುದಿಲ್ಲವಲ್ಲ ಎನ್ನುತ್ತೀರಾ? ಚಕ್ಕರ್, ಫ್ಲಿಪ್ಪರ್‌ನಂಥವಕ್ಕೆ ಏನೂ ಕೆಲಸ ಮಾಡದ ‘ನೋ-ಆಪ್’ ಆವೃತ್ತಿಗಳಿವೆ. ಅವನ್ನು ‘ರಿಲೀಸ್‌ಇಂಪ್ಲಿಮೆಂಟೇಶನ್’ ಸಾಲಿನಲ್ಲಿ ಕೊಡಿ. ನೀವೇ ಬರೆದ ಡೆವಲಪರ್ ಪರದೆಯನ್ನು ‘ಡೀಬಗ್’ ಹೆಸರಿನ ಸೋರ್ಸ್ ಫೋಲ್ಡರ್‌ಗೆ ಸರಿಸಿ, ಅದರ ಮ್ಯಾನಿಫೆಸ್ಟ್ ನಮೂದನ್ನೂ ಅಲ್ಲೇ ಇಡಿ. ‘ರಿಲೀಸ್’ ಫೋಲ್ಡರ್‌ನಲ್ಲಿ ಅದೇ ಹೆಸರಿನ ಒಂದು ಖಾಲಿ ಫಂಕ್ಷನ್ ಸಾಕು.

ಫ್ಲಟರ್‌ನಲ್ಲಿ ‘ಕೆ-ಡೀಬಗ್-ಮೋಡ್’ ಎಂಬ ಸ್ಥಿರಾಂಕವನ್ನೇ ಷರತ್ತಾಗಿ ಬಳಸಿ. ರಿಲೀಸ್ ಕಟ್ಟುವಾಗ ಅದು ಸುಳ್ಳೆಂದು ಕಂಪೈಲರ್‌ಗೆ ಮೊದಲೇ ಗೊತ್ತಿರುವುದರಿಂದ ಆ ಭಾಗವನ್ನೇ ಕಿತ್ತುಹಾಕುತ್ತದೆ. ಸರ್ವರ್‌ನಿಂದ ಬರುವ ಫ್ಲ್ಯಾಗ್ ನಂಬಿ ಡೀಬಗ್ ಪರದೆ ಅಡಗಿಸಿದರೆ ಕೋಡ್ ಒಳಗೇ ಉಳಿಯುತ್ತದೆ.

3. ಐಫೋನ್‌ಗೂ ಅದೇ ನಿಯಮ ಹಾಕಿ

ಆ್ಯಪಲ್ ಪರಿಶೀಲನೆ ಮಾಡುತ್ತದಲ್ಲ ಎಂದು ಕೈಚೆಲ್ಲಬೇಡಿ. ನಿಮ್ಮ ಡೀಬಗ್ ಪರದೆ ಹುಡುಕಿಕೊಡುವುದು ಅವರ ಕೆಲಸವಲ್ಲ. ಕೋಕೊಪಾಡ್ಸ್ ಬಳಸುವವರು ಪಾಡ್ ಸಾಲಿನ ಕೊನೆಗೆ ‘ಕಾನ್ಫಿಗರೇಶನ್ಸ್: ಡೀಬಗ್’ ಎಂದು ಸೇರಿಸಿ. ಸ್ವಿಫ್ಟ್ ಪ್ಯಾಕೇಜ್ ಆಗಿ ತಂದ ಫ್ಲೆಕ್ಸ್‌ನಂಥ ಲೈಬ್ರರಿಗೆ ಈ ಸೌಲಭ್ಯವಿಲ್ಲ. ಹೀಗಾಗಿ ಎಕ್ಸ್‌ಕೋಡ್‌ನ ಬಿಲ್ಡ್ ಸೆಟ್ಟಿಂಗ್ಸ್‌ನಲ್ಲಿ ‘ಎಕ್ಸ್‌ಕ್ಲೂಡೆಡ್ ಸೋರ್ಸ್ ಫೈಲ್ ನೇಮ್ಸ್’ ಎಂಬ ಕಡೆ, ರಿಲೀಸ್‌ಗೆ ಮಾತ್ರ, ಅದರ ಹೆಸರನ್ನು ಕೊಡಿ. ಅದನ್ನು ಕರೆಯುವ ಸಾಲುಗಳನ್ನು ‘ಇಫ್ ಡೀಬಗ್’ ಎಂಬ ಕಂಪೈಲ್ ಹಂತದ ಷರತ್ತಿನೊಳಗೆ ಸುತ್ತಿಡಿ. ರಿಲೀಸ್‌ನಲ್ಲಿ ಆ ಸಾಲುಗಳು ಕಂಪೈಲೇ ಆಗುವುದಿಲ್ಲ.

ಡೀಬಗರ್ ಜೋಡಿಸಲು ಅನುಮತಿ ಕೊಡುವ ‘ಗೆಟ್-ಟಾಸ್ಕ್-ಅಲೌ’ ಎಂಬ ಹಕ್ಕು ಅಂತಿಮ ಫೈಲಿನಲ್ಲಿ ‘ಟ್ರೂ’ ಆಗಿಲ್ಲವೆಂದೂ ಖಾತ್ರಿ ಮಾಡಿಕೊಳ್ಳಿ.

4. ನಡುವಿನ ಬಿಲ್ಡ್‌ಗಳ ಮೇಲೂ ಕಣ್ಣಿಡಿ

ಡೀಬಗ್ ಮತ್ತು ರಿಲೀಸ್ ನಡುವೆ ‘ಸ್ಟೇಜಿಂಗ್’, ‘ಕ್ಯೂಎ’ ಎಂಬ ಬಿಲ್ಡ್‌ಗಳು ಹುಟ್ಟುತ್ತವೆ. ಹೆಚ್ಚಿನ ತಂಡಗಳು ಡೀಬಗ್ ಬಿಲ್ಡನ್ನೇ ನಕಲು ಮಾಡಿ ಇವನ್ನು ಮಾಡುತ್ತವೆ. ಗ್ರೇಡಲ್‌ನಲ್ಲಿ ‘ಇನಿಟ್-ವಿತ್’ ಎಂದು ಬರೆದು ಡೀಬಗ್ ಹೆಸರು ಕೊಟ್ಟರೆ ‘ಡೀಬಗೆಬಲ್’ ಎಂಬ ಗುಣವೂ ಜತೆಗೆ ಬರುತ್ತದೆ. ಅದರ ಪರಿಣಾಮ ಏನು ಗೊತ್ತೇ? ಆ ಬಿಲ್ಡ್ ಇರುವ ಫೋನ್ ಅನ್ನು ಯುಎಸ್‌ಬಿ ಡೀಬಗಿಂಗ್ ಚಾಲೂ ಇಟ್ಟು ಲ್ಯಾಪ್‌ಟಾಪ್‌ಗೆ ಜೋಡಿಸಿ, ‘ರನ್-ಆ್ಯಸ್’ ಎಂಬ ಆದೇಶ ಕೊಟ್ಟರೆ ನಿಮ್ಮ ಆ್ಯಪ್‌ನ ಖಾಸಗಿ ಫೋಲ್ಡರ್ ತೆರೆದುಕೊಳ್ಳುತ್ತದೆ. ಡೇಟಾಬೇಸ್, ಲಾಗಿನ್ ಟೋಕನ್ ಎಲ್ಲ ಕಣ್ಣೆದುರು. ಫೋನ್ ರೂಟ್ ಮಾಡುವ ಅಗತ್ಯವೂ ಇಲ್ಲ.

ಪ್ಲೇ ಸ್ಟೋರ್ ಇಂಥ ಫೈಲನ್ನು ಒಪ್ಪುವುದಿಲ್ಲ, ನಿಜ. ಆದರೆ ‘ಒಂದ್ಸಲ ನೋಡಿ ಸಾರ್’ ಎಂದು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಎಪಿಕೆಗೆ ಆ ಕಾವಲಿಲ್ಲ. ಗ್ರಾಹಕರ ಅಂಗಡಿಯ ಫೋನ್‌ಗಳಲ್ಲಿ ಅದೇ ತಿಂಗಳುಗಟ್ಟಲೆ ಓಡುತ್ತಿರುತ್ತದೆ. ತಂಡದ ಹೊರಗಿನವರ ಕೈಗೆ ಹೋಗುವ ಪ್ರತಿಯೊಂದು ಬಿಲ್ಡನ್ನೂ ರಿಲೀಸ್‌ನಿಂದ ನಕಲು ಮಾಡಿ ಕಟ್ಟಿ. ಹೊಸ ಫ್ಲಟರ್ ಪ್ರಾಜೆಕ್ಟ್‌ನಲ್ಲಿ ರಿಲೀಸ್‌ಗೂ ಡೀಬಗ್ ಕೀಲಿಯಿಂದಲೇ ಸಹಿ ಹಾಕುವ ಸಾಲಿರುತ್ತದೆ. ಮೊದಲ ದಿನವೇ ಅದನ್ನು ಬದಲಾಯಿಸಿ, ನಿಮ್ಮದೇ ಕೀಲಿ ಹಾಕಿ.

5. ಲಾಗ್‌ನಲ್ಲಿ ಜನರ ಗುಟ್ಟು ಬರೆಯಬೇಡಿ

ನಿಮ್ಮ ರಿಲೀಸ್ ಆ್ಯಪ್ ಇರುವ ಫೋನ್ ಅನ್ನು ಕೇಬಲ್ ಹಾಕಿ ಜೋಡಿಸಿ, ಲಾಗ್‌ಕ್ಯಾಟ್ ತೆರೆದು, ಲಾಗಿನ್ ಆಗಿ ನೋಡಿ. ಸಾಲುಗಳು ಸರಸರನೆ ಮೇಲೆ ಸರಿಯುತ್ತವೆ. ಅವುಗಳ ನಡುವೆ ‘ವೆರಿಫೈ ಒಟಿಪಿ’ ಎಂದು ಶುರುವಾಗಿ, ಗ್ರಾಹಕರ ಪೂರ್ತಿ ಮೊಬೈಲ್ ನಂಬರ್, ಆರಂಕಿಯ ಒಟಿಪಿ, ಸರ್ವರ್ ಕೊಟ್ಟ ಟೋಕನ್ ಸಾಲಾಗಿ ಕಂಡರೆ ಕೆಲಸ ಕೆಟ್ಟಿದೆ ಎಂದೇ ಅರ್ಥ. ಓಕೆ-ಎಚ್‌ಟಿಟಿಪಿಯ ಲಾಗಿಂಗ್ ಇಂಟರ್‌ಸೆಪ್ಟರ್ ಅನ್ನು ‘ಬಾಡಿ’ ಮಟ್ಟದಲ್ಲಿ ಬಿಟ್ಟಿದ್ದರೆ ಹೀಗೇ ಆಗುತ್ತದೆ.

ದೊಡ್ಡವರೂ ಇಲ್ಲಿ ಎಡವಿದ್ದಾರೆ. 2014ರ ಜನವರಿಯಲ್ಲಿ ಸ್ಟಾರ್‌ಬಕ್ಸ್‌ನ ಐಫೋನ್ ಆ್ಯಪ್ ಬಳಕೆದಾರರ ಹೆಸರು, ಪಾಸ್‌ವರ್ಡ್‌ಗಳನ್ನು ಫೋನ್‌ನಲ್ಲೇ ಗೂಢಲಿಪಿಯಿಲ್ಲದೆ ಇಟ್ಟಿರುವುದು ಬೆಳಕಿಗೆ ಬಂತು. ಅವು ಸಿಕ್ಕಿದ್ದು ಕ್ರ್ಯಾಶ್ ವರದಿ ಮಾಡುವ ಉಪಕರಣದ ಲಾಗ್ ಫೈಲಿನಲ್ಲಿ. 2018ರ ಮೇ ತಿಂಗಳಲ್ಲಿ ಟ್ವಿಟರ್ ತನ್ನ 33 ಕೋಟಿಗೂ ಹೆಚ್ಚು ಬಳಕೆದಾರರಿಗೆ ಪಾಸ್‌ವರ್ಡ್ ಬದಲಾಯಿಸಲು ಹೇಳಬೇಕಾಯಿತು. ಕಾರಣ, ಒಳಗಿನ ಒಂದು ಲಾಗ್‌ನಲ್ಲಿ ಪಾಸ್‌ವರ್ಡ್‌ಗಳು ಮುಚ್ಚುಮರೆಯಿಲ್ಲದೆ ದಾಖಲಾಗಿದ್ದವು.

ಮಾಡಬೇಕಾದದ್ದು ಇಷ್ಟು. ಆಂಡ್ರಾಯ್ಡ್‌ನಲ್ಲಿ ಟಿಂಬರ್ ಬಳಸಿ, ಡೀಬಗ್ ಬಿಲ್ಡ್‌ನಲ್ಲಿ ಮಾತ್ರ ಅದರ ‘ಡೀಬಗ್ ಟ್ರೀ’ ನೆಡಿ. ಆರ್8 ನಿಯಮ ಬರೆದು ಲಾಗ್ ಕರೆಗಳನ್ನು ರಿಲೀಸ್‌ನಿಂದ ತೆಗೆಸಿ. ಇಂಟರ್‌ಸೆಪ್ಟರ್‌ನಲ್ಲಿ ‘ಆಥರೈಸೇಶನ್’ ಹೆಡರನ್ನು ಮರೆಮಾಡಿ. ರಿಯಾಕ್ಟ್ ನೇಟಿವ್‌ನಲ್ಲಿ ಕನ್ಸೋಲ್ ಸಾಲುಗಳನ್ನು ಕಿತ್ತುಹಾಕುವ ಬೇಬಲ್ ಪ್ಲಗಿನ್ ಇದೆ. ಫ್ಲಟರ್‌ನ ‘ಡೀಬಗ್-ಪ್ರಿಂಟ್’ ಹೆಸರು ನೋಡಿ ಮೋಸ ಹೋಗಬೇಡಿ, ಅದು ರಿಲೀಸ್‌ನಲ್ಲೂ ಬರೆಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಪಾಸ್‌ವರ್ಡ್, ಒಟಿಪಿ, ಟೋಕನ್‌ಗಳನ್ನು ಡೀಬಗ್‌ನಲ್ಲೂ ಲಾಗ್ ಮಾಡದ ಅಭ್ಯಾಸ ಬೆಳೆಸಿಕೊಳ್ಳಿ.

6. ನೆಟ್‌ವರ್ಕ್‌ಗೆ ಕೊಟ್ಟ ಸಡಿಲಿಕೆ ವಾಪಸ್ ಪಡೆಯಿರಿ

ಪರೀಕ್ಷೆಯ ವೇಳೆ ಪ್ರಾಕ್ಸಿ ಹಾಕಿ ನೋಡಲು ಪ್ರಮಾಣಪತ್ರದ ತಪಾಸಣೆ ಸಡಿಲಿಸುತ್ತೇವೆ, ‘ಎಲ್ಲವನ್ನೂ ನಂಬು’ ಎಂಬ ಟ್ರಸ್ಟ್ ಮ್ಯಾನೇಜರ್ ಬರೆಯುತ್ತೇವೆ, ಎಚ್‌ಟಿಟಿಪಿ ತೆರೆದಿಡುತ್ತೇವೆ. ಅದೇ ರಿಲೀಸ್‌ಗೆ ಹೋದರೆ ಬಸ್‌ನಿಲ್ದಾಣದ ವೈಫೈನಲ್ಲಿ ಕೂತವರೂ ನಿಮ್ಮ ಗ್ರಾಹಕರ ಮಾಹಿತಿ ಓದಬಹುದು.

2017ರ ಬೆಂಗಳೂರಿನ ಪ್ರಕರಣ ನೆನಪಿರಲಿ. ಆಧಾರ್ ಪರಿಶೀಲನೆ ಮಾಡಿಕೊಡುವ ಒಂದು ಆ್ಯಪ್ ಪ್ಲೇ ಸ್ಟೋರ್‌ನಲ್ಲಿತ್ತು. ಆಧಾರ್ ಪ್ರಾಧಿಕಾರವಾದ ಯುಐಡಿಎಐ ದೂರಿನ ಮೇಲೆ ಅದನ್ನು ಮಾಡಿದ ತಂತ್ರಜ್ಞನ ಬಂಧನವಾಯಿತು. ಸರ್ಕಾರದ ಇ-ಹಾಸ್ಪಿಟಲ್ ವ್ಯವಸ್ಥೆಯ ಮೂಲಕ ಮಾಹಿತಿ ಪಡೆದಿದ್ದರೆಂದೂ ಆ ವ್ಯವಸ್ಥೆಯ ಆ್ಯಪ್‌ನಲ್ಲಿ ಎಚ್‌ಟಿಟಿಪಿಎಸ್ ರಕ್ಷಣೆ ಇರಲಿಲ್ಲವೆಂದೂ ಆಗ ವರದಿಯಾಗಿತ್ತು. ನಿಮ್ಮ ಆ್ಯಪ್ ಸರ್ವರ್ ಜತೆ ಆಡುವ ಮಾತನ್ನು ಕೇಳಿಸಿಕೊಳ್ಳುವವರು ಇದ್ದೇ ಇರುತ್ತಾರೆ ಎಂಬುದು ಇದರ ಪಾಠ.

ಆಂಡ್ರಾಯ್ಡ್‌ನ ನೆಟ್‌ವರ್ಕ್ ಸೆಕ್ಯೂರಿಟಿ ಕಾನ್ಫಿಗ್ ಫೈಲಿನಲ್ಲಿ ‘ಡೀಬಗ್-ಓವರ್‌ರೈಡ್ಸ್’ ಎಂಬ ಭಾಗವಿದೆ. ಸಡಿಲಿಕೆಯ ಪ್ರಮಾಣಪತ್ರಗಳನ್ನು ಅದರೊಳಗೇ ಬರೆಯಿರಿ. ಆ್ಯಪ್ ಡೀಬಗೆಬಲ್ ಅಲ್ಲದಿದ್ದರೆ ಆಂಡ್ರಾಯ್ಡ್ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆ್ಯಪ್ ಒಳಗೆ ವೆಬ್‌ವ್ಯೂ ಇದ್ದರೆ, ಕ್ರೋಮ್‌ನಿಂದ ಅದರೊಳಗೆ ಇಣುಕಲು ಬಿಡುವ ಡೀಬಗಿಂಗ್ ಸಾಲು ರಿಲೀಸ್‌ನಲ್ಲಿ ಉಳಿದಿಲ್ಲವೆಂದೂ ನೋಡಿ.

7. ಕೀಲಿಗಳನ್ನು ಆ್ಯಪ್‌ನಲ್ಲಿ ಇಡಬೇಡಿ

ಆ್ಯಪ್ ಒಳಗೆ ಹಾಕಿದ್ದೆಲ್ಲ ಬಹಿರಂಗ ಎಂದೇ ತಿಳಿಯಿರಿ. ರೇಜರ್‌ಪೇ ಬಳಸುವವರಿಗೆ ಗೊತ್ತು: ಟೆಸ್ಟ್ ಕೀಲಿ, ಲೈವ್ ಕೀಲಿ ಎರಡೂ ಬೇರೆ, ಹೆಸರಿನಲ್ಲೇ ‘ಟೆಸ್ಟ್’, ‘ಲೈವ್’ ಎಂದು ಬರೆದಿರುತ್ತದೆ. ಟೆಸ್ಟ್ ಕೀಲಿ ರಿಲೀಸ್‌ಗೆ ಹೋದರೆ ಗ್ರಾಹಕರಿಗೆ ‘ಪಾವತಿ ಆಯಿತು’ ಎಂದು ಕಾಣುತ್ತದೆ, ಅಂಗಡಿಯವರ ಖಾತೆಗೆ ದುಡ್ಡು ಬರುವುದಿಲ್ಲ. ಗುಪ್ತ ಕೀಲಿಯಂತೂ ಸರ್ವರ್‌ನಲ್ಲೇ ಇರಬೇಕು, ಡೀಬಗ್ ಬಿಲ್ಡ್‌ನಲ್ಲೂ ಬೇಡ.

ಹಳೆಯ ಕೀಲಿಗಳನ್ನು ರದ್ದು ಮಾಡುವುದೂ ಇದೇ ಶಿಸ್ತಿನ ಭಾಗ. ಬೆಂಗಳೂರಿನ ಪಾವತಿ ಸಂಸ್ಥೆ ಜಸ್‌ಪೇಯಲ್ಲಿ 2020ರ ಆಗಸ್ಟ್‌ನಲ್ಲಿ ನಡೆದ ಮಾಹಿತಿ ಕಳವಿಗೆ ಬದಲಾಯಿಸದೆ ಉಳಿದಿದ್ದ ಒಂದು ಹಳೆಯ ಆ್ಯಕ್ಸೆಸ್ ಕೀಲಿ ದಾರಿಯಾಗಿತ್ತು. ಪರೀಕ್ಷೆ ಮುಗಿದ ದಿನವೇ ಟೆಸ್ಟ್ ಖಾತೆ, ಟೆಸ್ಟ್ ಕೀಲಿ, ಒಟಿಪಿ ಕೇಳದ ನಂಬರ್ ಎಲ್ಲವನ್ನೂ ಸರ್ವರ್‌ನಿಂದಲೂ ತೆಗೆಯಿರಿ.

8. ಸಿದ್ಧವಾದ ಫೈಲನ್ನೇ ಬಿಚ್ಚಿ ನೋಡಿ

ಕೋಡ್ ಸರಿಯಿದೆ ಎಂಬುದಕ್ಕೂ ಕಟ್ಟಿದ ಫೈಲ್ ಸರಿಯಿದೆ ಎಂಬುದಕ್ಕೂ ವ್ಯತ್ಯಾಸವಿದೆ. ಒಂದು ಲೈಬ್ರರಿ ತನ್ನ ಬೆನ್ನಿಗೆ ಇನ್ನೊಂದನ್ನು ಕಟ್ಟಿಕೊಂಡು ಬರಬಹುದು. ಅದಕ್ಕೇ ಅಂತಿಮ ಫೈಲನ್ನು ನೋಡಬೇಕು.

- ಗ್ರೇಡಲ್‌ನ ‘ಡಿಪೆಂಡೆನ್ಸೀಸ್’ ಆದೇಶವನ್ನು ‘ರಿಲೀಸ್ ರನ್‌ಟೈಮ್ ಕ್ಲಾಸ್‌ಪಾತ್’ಗೆ ಓಡಿಸಿ, ಒಂದನೇ ಸೂತ್ರದ ಪಟ್ಟಿಯ ಯಾವುದಾದರೂ ಹೆಸರಿದೆಯೇ ಹುಡುಕಿ.
- ಆಂಡ್ರಾಯ್ಡ್ ಸ್ಟುಡಿಯೊದ ಎಪಿಕೆ ಅನಲೈಜರ್‌ನಲ್ಲಿ ಫೈಲ್ ತೆರೆದು, ಮ್ಯಾನಿಫೆಸ್ಟ್‌ನಲ್ಲಿ ನಿಮಗೆ ಪರಿಚಯವಿಲ್ಲದ ಪರದೆಗಳು, ಪ್ರೊವೈಡರ್‌ಗಳು ಇವೆಯೇ ನೋಡಿ.
- ಜ್ಯಾಡೆಕ್ಸ್‌ನಿಂದ ಫೈಲ್ ಬಿಚ್ಚಿ, ‘ಸ್ಟೇಜಿಂಗ್’, ‘ಟೆಸ್ಟ್’, ‘ಪಾಸ್‌ವರ್ಡ್’, ‘ಲೋಕಲ್‌ಹೋಸ್ಟ್’ ಎಂದು ಹುಡುಕಿ. ಹೊರಗಿನವರು ಮೊದಲು ಮಾಡುವುದೂ ಇದನ್ನೇ.
- ಮಾಬ್‌ಎಸ್‌ಎಫ್ ಎಂಬ ಮುಕ್ತ ಉಪಕರಣಕ್ಕೆ ಎಪಿಕೆ ಅಥವಾ ಐಪಿಎ ಕೊಟ್ಟರೆ ತಾನೇ ತಪಾಸಣೆ ಮಾಡಿ ವರದಿ ಕೊಡುತ್ತದೆ. ಖರ್ಚಿಲ್ಲ.

9. ನೆನಪನ್ನು ನಂಬಬೇಡಿ, ಯಂತ್ರಕ್ಕೆ ಕಾವಲು ಕೊಡಿ

ಮೂರು ಜನರ ತಂಡದಲ್ಲಿ ಒಬ್ಬರಿಗೆ ಜ್ವರ, ಇನ್ನೊಬ್ಬರು ಊರಿಗೆ ಹೋಗಿದ್ದಾರೆ, ಗ್ರಾಹಕರು ಇವತ್ತೇ ಬೇಕು ಎನ್ನುತ್ತಿದ್ದಾರೆ. ಎಂಟನೇ ಸೂತ್ರ ಆ ದಿನವೇ ಮರೆತುಹೋಗುತ್ತದೆ. ಬಿಲ್ಡ್ ಸರ್ವರ್‌ನಲ್ಲಿ ಒಂದು ಸಣ್ಣ ಸ್ಕ್ರಿಪ್ಟ್ ಇಡಿ. ನಿಷಿದ್ಧ ಹೆಸರುಗಳ ಪಟ್ಟಿಯಲ್ಲಿ ಒಂದು ಸಿಕ್ಕರೂ, ಡೀಬಗೆಬಲ್ ಗುರುತು ಕಂಡರೂ, ಟೆಸ್ಟ್ ಕೀಲಿ ಇದ್ದರೂ ಬಿಲ್ಡ್ ಅಲ್ಲೇ ಕೆಂಪಾಗಿ ನಿಲ್ಲಲಿ. ಎಚ್ಚರಿಕೆ ತೋರಿಸಿ ಮುಂದೆ ಹೋಗುವ ಸ್ಕ್ರಿಪ್ಟ್ ಬೇಡ. ಎಚ್ಚರಿಕೆಯನ್ನು ಯಾರೂ ಓದುವುದಿಲ್ಲ.

ಲೀಕ್‌ಕ್ಯಾನರಿಯನ್ನು ಮಾಡಿದವರು ಈ ವಿವೇಕವನ್ನು ಉಪಕರಣದೊಳಗೇ ಇಟ್ಟಿದ್ದಾರೆ. ಎರಡನೇ ಆವೃತ್ತಿಯಿಂದ ಅದನ್ನು ಸೇರಿಸಲು ಕೋಡ್ ಬರೆಯುವುದೇ ಬೇಡ, ಗ್ರೇಡಲ್‌ನಲ್ಲಿ ಒಂದು ಸಾಲು ಸಾಕು. ತಪ್ಪಾಗಿ ಸೇರುವುದೂ ಅಷ್ಟೇ ಸುಲಭ. ಹಾಗಾಗಿ ಡೀಬಗೆಬಲ್ ಅಲ್ಲದ ಬಿಲ್ಡ್‌ನಲ್ಲಿ ಅದು ಸಿಕ್ಕಿಬಿದ್ದರೆ ಆ್ಯಪನ್ನೇ ನಿಲ್ಲಿಸಿ ದೋಷ ತೋರಿಸುತ್ತದೆ. ಡೀಬಗೆಬಲ್ ಬಿಲ್ಡ್ ಹೊರಗೆ ಹೋದರೆ ಮಾತ್ರ ಈ ಕಾವಲು ಕೆಲಸ ಮಾಡುವುದಿಲ್ಲ. ಆಗ ‘ಸಾರ್, ನಮ್ಮ ಆ್ಯಪ್ ಪಕ್ಕದಲ್ಲೇ ಹಕ್ಕಿ ಚಿತ್ರದ್ದು ಇನ್ನೊಂದು ಬಂದು ಕೂತಿದೆಯಲ್ಲ, ಅದೇನು?’ ಎಂದು ಗ್ರಾಹಕರೇ ಫೋನ್ ಮಾಡುತ್ತಾರೆ. ಆ ಫೋನ್ ಬರುವ ಮೊದಲೇ ಯಂತ್ರ ತಡೆಯಲಿ.

10. ರಿಲೀಸ್ ಬಿಲ್ಡನ್ನೇ ಪರೀಕ್ಷಿಸಿ, ಮೆಲ್ಲಗೆ ಬಿಡಿ

ಡೀಬಗ್ ಬಿಲ್ಡ್‌ನಲ್ಲಿ ಚೆನ್ನಾಗಿ ಓಡಿದ್ದು ರಿಲೀಸ್‌ನಲ್ಲಿ ಬೀಳಬಹುದು. ಆರ್8 ಕೋಡ್ ಕುಗ್ಗಿಸುವಾಗ ಬೇಕಾದ ಕ್ಲಾಸ್‌ನ ಹೆಸರನ್ನೂ ಬದಲಾಯಿಸಿಬಿಡುತ್ತದೆ. ಆಗ ಗಾಬರಿಯಲ್ಲಿ ‘ಸದ್ಯಕ್ಕೆ ಡೀಬಗ್ ಸೆಟ್ಟಿಂಗ್‌ನಲ್ಲೇ ಕಳಿಸೋಣ’ ಎಂಬ ಮಾತು ಬರುತ್ತದೆ. ಉಪಕರಣಗಳು ಹೊರಗೆ ಜಾರುವುದು ಹೆಚ್ಚಾಗಿ ಇಂಥ ಗಾಬರಿಯಲ್ಲೇ. ವಾರಕ್ಕೊಮ್ಮೆಯಾದರೂ ರಿಲೀಸ್ ಬಿಲ್ಡ್ ಕಟ್ಟಿ, ತಂಡದವರೆಲ್ಲ ತಮ್ಮ ಫೋನ್‌ನಲ್ಲಿ ಅದನ್ನೇ ಬಳಸಿ.

ಪ್ಲೇ ಸ್ಟೋರ್‌ನ ಇಂಟರ್ನಲ್ ಟೆಸ್ಟಿಂಗ್‌ಗೆ 100 ಜನರವರೆಗೆ ಸೇರಿಸಬಹುದು. ವಾಟ್ಸ್ಆ್ಯಪ್‌ನಲ್ಲಿ ಎಪಿಕೆ ಹಂಚುವ ಬದಲು ಇದನ್ನು ಬಳಸಿ. ನಂತರ ಶೇಕಡಾವಾರು ಹಂತಗಳಲ್ಲಿ ಬಿಡಿ. ಆ್ಯಪಲ್‌ನಲ್ಲೂ 7 ದಿನಗಳ ಹಂತಹಂತದ ಬಿಡುಗಡೆಯಿದೆ. ಶುಕ್ರವಾರ ಸಂಜೆ ಅಪ್‌ಲೋಡ್ ಒತ್ತಿ ರೈಲ್ವೆ ನಿಲ್ದಾಣಕ್ಕೆ ಓಡಬೇಡಿ. ಬಿಟ್ಟ ಮೇಲೆ ಒಂದು ದಿನವಾದರೂ ನೋಡಿಕೊಳ್ಳುವವರು ಬೇಕು.

ಉಪಕರಣ ತೆಗೆದರೆ ಹೊರಗೆ ಹೋದ ಆ್ಯಪ್‌ನ ದೋಷ ತಿಳಿಯುವುದು ಹೇಗೆ ಎಂಬ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಕ್ರ್ಯಾಶ್ ವರದಿ ಸೇವೆ ಇದೆ. ಪ್ರತಿ ಬಿಡುಗಡೆಯ ಮ್ಯಾಪಿಂಗ್ ಫೈಲ್, ಐಫೋನ್‌ನ ಡಿಸಿಮ್ ಫೈಲ್ ಜೋಪಾನವಾಗಿಡಿ. ಅವಿದ್ದರೆ ಗ್ರಾಹಕರ ಫೋನ್‌ನಲ್ಲಿ ಆದ ಕ್ರ್ಯಾಶ್ ನಿಮ್ಮ ಕೋಡ್‌ನ ಯಾವ ಸಾಲಿನದೆಂದು ಗೊತ್ತಾಗುತ್ತದೆ. ವರದಿಯಲ್ಲಿ ಹೆಸರು, ನಂಬರ್ ಮಾತ್ರ ಸೇರಿಸಬೇಡಿ.

11. ಜಾರಿಹೋದರೆ ಏನು ಮಾಡಬೇಕೆಂದು ಇವತ್ತೇ ಬರೆದಿಡಿ

ಮೊದಲು ಹಂತಹಂತದ ಬಿಡುಗಡೆ ನಿಲ್ಲಿಸಿ. ಈಗಾಗಲೇ ಫೋನ್ ಸೇರಿದ ಆವೃತ್ತಿಯನ್ನು ಪ್ಲೇ ಸ್ಟೋರ್ ವಾಪಸ್ ಎಳೆದುಕೊಳ್ಳಲಾರದು. ಹೆಚ್ಚಿನ ವರ್ಷನ್ ಕೋಡ್‌ನ ಹೊಸ ಬಿಲ್ಡ್ ಕಳಿಸುವುದೊಂದೇ ದಾರಿ. ಆ ಬಿಲ್ಡ್‌ನಲ್ಲಿದ್ದ ಕೀಲಿಗಳನ್ನೆಲ್ಲ ಬದಲಾಯಿಸಿ. ಟೋಕನ್‌ಗಳು ಲಾಗ್ ಆಗಿದ್ದರೆ ಸರ್ವರ್‌ನಲ್ಲಿ ರದ್ದು ಮಾಡಿ, ಎಲ್ಲರೂ ಹೊಸದಾಗಿ ಲಾಗಿನ್ ಆಗಲಿ. ಗ್ರಾಹಕರಿಗೆ ನೀವೇ ಫೋನ್ ಮಾಡಿ ತಿಳಿಸಿ. ಇನ್ನೊಬ್ಬರಿಂದ ಗೊತ್ತಾದರೆ ನಂಬಿಕೆ ಉಳಿಯುವುದಿಲ್ಲ.

ಕಾನೂನಿನ ಗಡುವೂ ಇದೆ. ಸೈಬರ್ ಸುರಕ್ಷತೆಯ ಕೇಂದ್ರ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಮಾಹಿತಿ ಸೋರಿಕೆಯಂಥ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ಜನರ ಮಾಹಿತಿಗೆ ತಕ್ಕ ಸುರಕ್ಷತೆ ಒದಗಿಸದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸುವ ಅವಕಾಶವಿದೆ. ಯಾರು ಯಾರಿಗೆ ತಿಳಿಸಬೇಕು, ಕೀಲಿ ಬದಲಾಯಿಸುವ ಅಧಿಕಾರ ಯಾರ ಕೈಯಲ್ಲಿದೆ ಎಂಬುದನ್ನು ಆ 6 ಗಂಟೆಯೊಳಗೆ ಹುಡುಕುತ್ತಾ ಕೂರುವಂತಾಗಬಾರದು.

ಈ ಹನ್ನೊಂದನ್ನೂ ಒಂದೇ ದಿನ ಮಾಡಬೇಕಿಲ್ಲ. ಇವತ್ತು ಗ್ರೇಡಲ್ ಫೈಲ್ ತೆರೆದು ಡೀಬಗ್ ಲೈಬ್ರರಿಗಳ ಸಾಲು ಸರಿಮಾಡಿ. ನಾಳೆ ರಿಲೀಸ್ ಎಪಿಕೆ ಬಿಚ್ಚಿ ನೋಡಿ. ಈ ವಾರದೊಳಗೆ ಬಿಲ್ಡ್ ನಿಲ್ಲಿಸುವ ಸ್ಕ್ರಿಪ್ಟ್ ಹಾಕಿ. ನಮ್ಮ ಆ್ಯಪ್‌ಗೆ ಮೊಬೈಲ್ ನಂಬರ್ ಕೊಡುವ ಕ್ಲಿನಿಕ್‌ನ ರೋಗಿಗೆ, ಶುಲ್ಕ ಕಟ್ಟುವ ತಾಯಿಗೆ ಬಿಲ್ಡ್ ಟೈಪ್ ಎಂದರೇನೆಂದು ಗೊತ್ತಿರಬೇಕಾಗಿಲ್ಲ. ನಮಗೆ ಗೊತ್ತಿದೆ ಎಂದು ನಂಬಿಯೇ ಅವರು ಇನ್‌ಸ್ಟಾಲ್ ಒತ್ತುತ್ತಾರೆ. ಆ ನಂಬಿಕೆಗೆ ತಕ್ಕಂತೆ ಕಟ್ಟುವ ತಂಡವನ್ನು ಗ್ರಾಹಕರು ಮುಂದಿನ ಕೆಲಸಕ್ಕೂ ಕರೆಯುತ್ತಾರೆ, ನಾಲ್ಕು ಜನರಿಗೆ ಹೇಳುತ್ತಾರೆ. ಸಣ್ಣ ತಂಡ ಬೆಳೆಯುವುದು ಹೀಗೆಯೇ.